ಹಾವುಗಳ ರೇಡಿಯೊ ಜಾಡು

ಹಾವಿನ ದೇಹದಲ್ಲಿ ಪುಟ್ಟ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು, ಅದು ಎಲ್ಲಿ ತಂಗುತ್ತದೆ, ಎಷ್ಟು ದೂರ ಹರಿಯುತ್ತದೆ, ಯಾವಾಗ ಬೇಟೆಗೆ ಹೊರಡುತ್ತದೆ ಎಂಬುದನ್ನು ತಿಂಗಳುಗಟ್ಟಲೆ ದಾಖಲಿಸುವ ವಿಧಾನಕ್ಕೆ ರೇಡಿಯೊ ಟೆಲಿಮೆಟ್ರಿ ಎಂದು ಹೆಸರು. ಅಮೆರಿಕದ ಫ್ಲಾರಿಡಾದಲ್ಲಿ ಹೊರಗಿನಿಂದ ಬಂದು ನೆಲೆಯೂರಿದ ಬರ್ಮಾ ಹೆಬ್ಬಾವುಗಳನ್ನು ಹುಡುಕಿ ತೆಗೆಯಲು ಇದು ಬಳಕೆಯಲ್ಲಿದೆ. ಕರ್ನಾಟಕದಲ್ಲಿ ಇದನ್ನು ಬಳಸಿದ್ದು ನಮ್ಮ ನೆಲದ ಹಾವುಗಳನ್ನೇ ಅರಿಯಲು: ಆಗುಂಬೆಯಲ್ಲಿ ಕಾಳಿಂಗ ಸರ್ಪ, ಹುಣಸೂರಿನಲ್ಲಿ ಕೊಳಕುಮಂಡಲ. ಮೇಲ್ನೋಟಕ್ಕೆ ಫ್ಲಾರಿಡಾದ್ದೂ ಕರ್ನಾಟಕದ್ದೂ ಬೇರೆ ಬೇರೆ ಕೆಲಸ. ಆದರೆ ಒಂದು ಪ್ರಶ್ನೆ ಎರಡರಲ್ಲೂ ಬರುತ್ತದೆ: ತನ್ನ ನೆಲೆಯಿಂದ ಎತ್ತಿ ಬೇರೆಡೆ ಬಿಟ್ಟ ಹಾವು ಏನು ಮಾಡುತ್ತದೆ? ಹಿತ್ತಲಲ್ಲಿ ಹಿಡಿದ ಹಾವನ್ನು ಚೀಲದಲ್ಲಿ ಹಾಕಿ ಊರಾಚೆಯ ಗುಡ್ಡದಲ್ಲಿ ಬಿಟ್ಟು ಬಂದು ನಿಟ್ಟುಸಿರು ಬಿಡುವ ಪ್ರತಿಯೊಂದು ಊರಿಗೂ ಈ ಪ್ರಶ್ನೆ ಸೇರಿದ್ದು. ಆದವಾನಿ, ಆಲೂರು, ಎಮ್ಮಿಗನೂರು, ಕೋಸಿಗಿಯಂಥ ಪಶ್ಚಿಮ ಕರ್ನೂಲಿನ ಊರುಗಳಿಗೂ ಸೇರಿದ್ದು.

ಹಾವಿಗೆ ಉಪಕರಣ ತೊಡಿಸುವ ಬಗೆ

ಹುಲಿ, ಆನೆಗಳಿಗೆ ಕೊರಳಪಟ್ಟಿ ಹಾಕಬಹುದು. ದೊಡ್ಡ ಹಕ್ಕಿಯ ಬೆನ್ನಿಗೆ ಪಟ್ಟಿಯಿಂದ ಕಟ್ಟಬಹುದು. ಹಾವಿಗೆ ಕೊರಳೂ ಇಲ್ಲ, ಹೆಗಲೂ ಇಲ್ಲ. ಮೈಮೇಲೆ ಅಂಟಿಸಿದ್ದು ಪೊರೆ ಬಿಡುವಾಗ ಪೊರೆಯ ಜೊತೆಗೇ ಕಳಚಿ ಬೀಳುತ್ತದೆ, ಇಲ್ಲವೇ ಬಿಲಕ್ಕೆ ನುಗ್ಗುವಾಗ ಬೇರಿಗೋ ಕಲ್ಲಿಗೋ ಸಿಕ್ಕಿಕೊಳ್ಳುತ್ತದೆ. ಮೊದಮೊದಲು ಸಂಶೋಧಕರು ಟ್ರಾನ್ಸ್‌ಮಿಟರನ್ನು ಹಾವಿಗೆ ನುಂಗಿಸುತ್ತಿದ್ದರು. ಹಾವು ಅದನ್ನು ಕಕ್ಕಿಬಿಡುತ್ತಿತ್ತು. ಕಕ್ಕದೆ ಉಳಿದರೆ ಇನ್ನೊಂದು ತೊಡಕು: ಉಂಡ ಹಾವಿನ ಹಾಗೆ ಒಂದೆಡೆ ಮಲಗಿಬಿಡುತ್ತಿತ್ತು, ಅದರ ನಿಜವಾದ ನಡೆ ತಿಳಿಯುತ್ತಿರಲಿಲ್ಲ. 1982ರಲ್ಲಿ ಹೋವರ್ಡ್ ರೈನರ್ಟ್ ಮತ್ತು ಡೇವಿಡ್ ಕುಂಡಾಲ್ ಶಸ್ತ್ರಕ್ರಿಯೆಯಿಂದ ಟ್ರಾನ್ಸ್‌ಮಿಟರನ್ನು ದೇಹದೊಳಗೆ ಇಡುವ ಸುಧಾರಿತ ವಿಧಾನವನ್ನು ಪ್ರಕಟಿಸಿದರು. ಇವತ್ತಿಗೂ ಲೋಕದ ಬಹುತೇಕ ಹಾವು ಅಧ್ಯಯನಗಳು ಅದನ್ನೇ ಅಷ್ಟಿಷ್ಟು ತಿದ್ದಿಕೊಂಡು ಅನುಸರಿಸುತ್ತವೆ. ಹಾಗಾಗಿ ಉಪಕರಣ "ತೊಡಿಸುವುದು" ಎಂಬ ಮಾತು ಹಾವಿನ ಮಟ್ಟಿಗೆ ಅರ್ಧಸತ್ಯ. ಇಲ್ಲಿ ಉಪಕರಣ ಮೈಮೇಲಲ್ಲ, ಮೈಯೊಳಗೆ.

ಕ್ರಮ ಹೀಗೆ. ವಿಷದ ಹಾವಾದರೆ ಮೊದಲು ಅದನ್ನು ಅದರ ಮೈದಪ್ಪಕ್ಕೆ ಸರಿಹೊಂದುವ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯೊಳಗೆ ಹರಿಯಗೊಡುತ್ತಾರೆ. ತಲೆ ಮತ್ತು ಮುಂಭಾಗ ಒಳಗೆ ಹೋದಮೇಲೆ ಕೊಳವೆಯನ್ನೂ ಹಾವನ್ನೂ ಸೇರಿಸಿ ಒಂದೇ ಕೈಯಲ್ಲಿ ಬಿಗಿ ಹಿಡಿದರೆ ಅದು ತಿರುಗಿ ಕಚ್ಚಲಾರದು. ಕೊಳವೆಯ ಇನ್ನೊಂದು ತುದಿಯಿಂದ ಐಸೋಫ್ಲುರೇನ್ ಅರಿವಳಿಕೆ ಕೊಡುತ್ತಾರೆ. ಹಾವಿನ ಉಸಿರಾಟ ನಿಧಾನ, ಬೇಕೆಂದಾಗ ಉಸಿರು ಕಟ್ಟಿ ಕೂರುವುದೂ ಅದಕ್ಕೆ ಗೊತ್ತು. ಹಾಗಾಗಿ ಅರಿವಳಿಕೆ ಹತ್ತುವವರೆಗೆ ಕಾಯುವುದೇ ದೊಡ್ಡ ಕೆಲಸ. ಮೈ ಸಡಿಲವಾಯಿತೆಂದು ಖಾತ್ರಿಯಾದಮೇಲೆ ಪಕ್ಕೆಯ ಹುರುಪೆಗಳ ಸಾಲಿನ ನಡುವೆ ಸಣ್ಣದಾಗಿ ಸೀಳಿ ಟ್ರಾನ್ಸ್‌ಮಿಟರನ್ನು ಒಳಗೆ ಸೇರಿಸುತ್ತಾರೆ. ಅದರ ತಂತಿಯಂಥ ಆಂಟೆನಾವನ್ನು ಚರ್ಮದ ಕೆಳಗೆ ಉದ್ದಕ್ಕೆ ಹರಿಸಿ ಹೊಲಿಗೆ ಹಾಕುತ್ತಾರೆ. ಉಪಕರಣದ ತೂಕ ಹಾವಿನ ತೂಕದ ಚಿಕ್ಕ ಭಾಗವನ್ನು ಮೀರಬಾರದು. ನೂರಕ್ಕೆ ಐದು ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಗರಿಷ್ಠ ಮಿತಿ. ಕೆಲವು ದಿನ ಆರೈಕೆ ಮಾಡಿ ಹಿಡಿದ ಜಾಗದಲ್ಲೇ ಬಿಡುತ್ತಾರೆ. ಬ್ಯಾಟರಿ ಮುಗಿಯುವ ಮುನ್ನ ಮತ್ತೆ ಹಿಡಿದು ಹೊಸದನ್ನು ಇಡಬೇಕು, ಇಲ್ಲವೇ ಹಳೆಯದನ್ನು ತೆಗೆಯಬೇಕು. ಇಷ್ಟು ಮಾಡಲು ನುರಿತ ಪಶುವೈದ್ಯರು ಬೇಕು, ಎದೆಗಾರಿಕೆಯೊಂದೇ ಸಾಲದು.

ಬಿಟ್ಟಮೇಲೆ ಶುರುವಾಗುವುದು ಕಾಲಿನ ಕೆಲಸ. ಹಳೆಯ ಟಿವಿ ಆಂಟೆನಾದ ಚಿಕ್ಕ ತಮ್ಮನಂತಿರುವ ಯಾಗಿ ಆಂಟೆನಾವನ್ನು ಕೈಯಲ್ಲಿ ಎತ್ತಿ ಹಿಡಿದು ಸುತ್ತ ತಿರುಗಿಸಬೇಕು. ಪ್ರತಿ ಹಾವಿಗೂ ಅದರದೇ ತರಂಗಾಂತರ. ರಿಸೀವರಿನಲ್ಲಿ ಅದನ್ನು ಹೊಂದಿಸಿದರೆ ಟಿಕ್ ಟಿಕ್ ಸದ್ದು ಕೇಳುತ್ತದೆ. ಸದ್ದು ಯಾವ ದಿಕ್ಕಿಗೆ ಜೋರೋ ಆ ಕಡೆ ನಡೆಯುವುದು, ಮತ್ತೆ ನಿಂತು ತಿರುಗಿಸುವುದು. ಬಂಡೆಯಿಂದಲೋ ಕಣಿವೆಯ ಗೋಡೆಯಿಂದಲೋ ಪುಟಿದು ಬಂದ ಸದ್ದು ದಾರಿ ತಪ್ಪಿಸುವುದೂ ಉಂಟು. ಕೆಲವು ಟ್ರಾನ್ಸ್‌ಮಿಟರುಗಳಲ್ಲಿ ಹಾವಿನ ಮೈ ಕಾವು ಹೆಚ್ಚಿದಂತೆ ಟಿಕ್ ಸದ್ದಿನ ಲಯವೂ ಬದಲಾಗುತ್ತದೆ. ಹಾವನ್ನು ಕಣ್ಣಿನಿಂದ ನೋಡದೆಯೇ ಅದು ಬಿಸಿಲು ಕಾಯಿಸುತ್ತಿದೆಯೋ ತಂಪಿನ ಬಿಲದಲ್ಲಿದೆಯೋ ಎಂದು ಹೇಳಬಹುದು.

ಜಿಪಿಎಸ್ ಇರುವಾಗ ಇಷ್ಟೆಲ್ಲ ತಿರುಗಾಟ ಏಕೆ ಎಂದು ಕೇಳಬಹುದು. ಜಿಪಿಎಸ್‌ಗೆ ಆಕಾಶ ಕಾಣಬೇಕು, ಹಾವು ಬದುಕುವುದು ನೆಲದೊಳಗೆ, ಪೊದೆಯೊಳಗೆ, ನೀರಿನೊಳಗೆ. ಫ್ಲಾರಿಡಾದಲ್ಲಿ ಹೆಬ್ಬಾವುಗಳಿಗೆ ಜಿಪಿಎಸ್ ಇಟ್ಟು ನೋಡಿದಾಗ ಹೆಚ್ಚಿನ ಸಲ ಅದು ನೆಲೆ ಗುರುತಿಸುವುದರಲ್ಲಿ ಸೋತಿತು. ಈಚಿನ ವರ್ಷಗಳಲ್ಲಿ ಭರವಸೆ ಹುಟ್ಟಿಸಿರುವುದು ಆಕ್ಸೆಲೆರೋಮೀಟರ್. ಕೈಗಡಿಯಾರದ ಹೆಜ್ಜೆ ಲೆಕ್ಕಕ್ಕೂ ಮೊಬೈಲಿನ ಪರದೆ ತಿರುಗುವುದಕ್ಕೂ ಕಾರಣವಾದ ಅದೇ ಬಿಡಿಭಾಗ. ಮೂರು ದಿಕ್ಕುಗಳಲ್ಲಿ ಚಲನೆಯ ಏರಿಳಿತವನ್ನು ಸೆಕೆಂಡಿಗೆ ಹಲವು ಸಲ ಬರೆದಿಡುತ್ತದೆ. ದಿನಕ್ಕೊಮ್ಮೆ ಹೋಗಿ ಜಾಡು ಹಿಡಿದರೆ ನಿನ್ನೆಯ ಚುಕ್ಕೆಗೂ ಇವತ್ತಿನ ಚುಕ್ಕೆಗೂ ನಡುವೆ ನೇರ ಗೆರೆ ಎಳೆಯಬಹುದು, ಅಷ್ಟೇ. ಹಾವು ರಾತ್ರಿಯೆಲ್ಲ ಸುತ್ತಾಡಿ ಬೆಳಗ್ಗೆ ಅದೇ ಬಿಲಕ್ಕೆ ಮರಳಿದ್ದರೆ ಅದು ಅಲ್ಲಾಡಲೇ ಇಲ್ಲವೆಂದು ನಾವು ಬರೆದುಕೊಳ್ಳುತ್ತೇವೆ. ಆಕ್ಸೆಲೆರೋಮೀಟರ್ ಈ ಕೊರತೆಯನ್ನು ತುಂಬುತ್ತದೆ. ಟೆಕ್ಸಸ್‌ನಲ್ಲಿ ಡೊಮಿನಿಕ್ ಡಿಸಾಂಟಿಸ್ ಮತ್ತು ಸಂಗಡಿಗರು ಗಿಲಕಿ ಹಾವುಗಳ (ರ್‍ಯಾಟಲ್‌ಸ್ನೇಕ್) ಮೇಲೆ, ನಿಕೋಲಸ್ ವಿಟ್ನಿ ಮತ್ತು ಸಂಗಡಿಗರು ಫ್ಲಾರಿಡಾದ ಹೆಬ್ಬಾವುಗಳ ಮೇಲೆ ಇದನ್ನು ಪರೀಕ್ಷಿಸಿದ್ದಾರೆ. ಹೆಬ್ಬಾವುಗಳ ವರದಿ 2021ರಲ್ಲಿ ಪ್ರಕಟವಾಯಿತು. ಒಂದೇ ಅಡ್ಡಿ: ಮಾಹಿತಿ ಉಪಕರಣದಲ್ಲೇ ಉಳಿಯುವುದರಿಂದ ಹಾವನ್ನು ಮತ್ತೆ ಹಿಡಿದು ತೆಗೆಯುವ ತನಕ ಏನೂ ಗೊತ್ತಾಗುವುದಿಲ್ಲ. ಅಂದರೆ ಹಳೆಯ ಟಿಕ್ ಟಿಕ್ ಇಲ್ಲದೆ ಹೊಸ ಸೆನ್ಸರಿಗೂ ಗತಿಯಿಲ್ಲ.

ಆಗುಂಬೆಯ ಕಾಳಿಂಗ

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಮಳೆಗೂ ಸೂರ್ಯಾಸ್ತಕ್ಕೂ ಹೆಸರಾದ ಊರು. ಟಿವಿ ನೋಡಿ ಬೆಳೆದ ತಲೆಮಾರಿಗೆ ಅದು ಶಂಕರ್ ನಾಗ್ ಚಿತ್ರಿಸಿದ ಮಾಲ್ಗುಡಿಯೂ ಹೌದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಈ ಕಾಡಂಚಿನಲ್ಲಿ 2005ರಲ್ಲಿ ರೋಮುಲಸ್ ವಿಟೇಕರ್ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಅದೇ ವರ್ಷ ಅವರಿಗೆ ಬಂದ ವಿಟ್ಲಿ ಪ್ರಶಸ್ತಿ ಇದಕ್ಕೆ ನೆರವಾಯಿತು. ಮದ್ರಾಸಿನ ಹಾವು ಉದ್ಯಾನವನ್ನೂ ಮೊಸಳೆ ಬ್ಯಾಂಕನ್ನೂ ಕಟ್ಟಿದ ವಿಟೇಕರ್‌ಗೆ ಆಗುಂಬೆಯ ಕಾಳಿಂಗದ ಗೀಳು 1970ರ ದಶಕದಿಂದಲೇ ಹಿಡಿದಿತ್ತು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

2008ರಲ್ಲಿ ಕೇಂದ್ರವು ಕಾಳಿಂಗಗಳಿಗೆ ಟ್ರಾನ್ಸ್‌ಮಿಟರ್ ಇಡುವ ಕೆಲಸ ಆರಂಭಿಸಿತು. ಅರಿಜೋನಾ ವಿಶ್ವವಿದ್ಯಾಲಯದ ಮ್ಯಾಟ್ ಗೂಡ್ ಜೊತೆಗಿದ್ದರು. ಕೇಂದ್ರದ ಹೊಣೆ ಹೊತ್ತಿದ್ದ ಪಿ. ಗೌರಿಶಂಕರ್ ಮತ್ತು ತರುಣ ಸಂಶೋಧಕರ ತಂಡ ಬೆಳಗಿನಿಂದ ಕತ್ತಲವರೆಗೆ ಹಾವಿನ ಹಿಂದೆ ಕಾಡು, ಅಡಕೆ ತೋಟ, ಹಳ್ಳ ತಿರುಗುತ್ತಿತ್ತು. ಕಾಳಿಂಗ ಹಗಲು ಸಂಚಾರಿ. ಹಾಗಾಗಿ ಇತರ ಹಾವುಗಳ ಹಾಗೆ ಬರೀ ಚುಕ್ಕೆಗಳಲ್ಲ, ಅದರ ದಿನಚರಿಯೇ ಕಣ್ಣಿಗೆ ಬಿತ್ತು. ಬೆಳಗಿನ ಬಿಸಿಲು ಕಾಯಿಸಿಕೊಂಡು ಹೊರಡುವುದು, ಬಿಲದಿಂದ ಬಿಲಕ್ಕೆ ನಾಲಗೆ ಚಾಚಿ ಪರೀಕ್ಷಿಸುವುದು, ಕೇರೆ ಹಾವನ್ನೋ ಇನ್ನೊಂದು ಹಾವನ್ನೋ ಹಿಡಿದು ನುಂಗುವುದು, ಉಂಡಮೇಲೆ ಹಲವು ದಿನ ಒಂದೇ ಕಡೆ ಬಿದ್ದಿರುವುದು. ಬೇಸಿಗೆಯ ಕೂಡುವ ಕಾಲದಲ್ಲಿ ಗಂಡುಗಳು ಹೆಣ್ಣಿನ ಜಾಡು ಹಿಡಿದು ದೂರ ದೂರ ಬರುತ್ತವೆ, ಒಂದಕ್ಕೊಂದು ಹೆಣೆದುಕೊಂಡು ಕುಸ್ತಿ ಮಾಡುತ್ತವೆ. ಇದನ್ನೇ ನಮ್ಮ ಜನ ಹಾವುಗಳ ಮಿಲನವೆಂದು ತಿಳಿದು ಬಿಳಿ ಬಟ್ಟೆ ಹೊದಿಸಲು ಹೋಗುವುದುಂಟು. ಬಸುರಿ ಹೆಣ್ಣೊಂದನ್ನು ಗಂಡು ಕಾಳಿಂಗ ಕೊಂದದ್ದೂ ಈ ತಂಡದ ಕಣ್ಣೆದುರೇ ನಡೆಯಿತು. ಮುಂದೆ ಹೆಣ್ಣು ತರಗೆಲೆ ಒಟ್ಟಿ ಗೂಡು ಮಾಡಿ ಮೊಟ್ಟೆಯಿಟ್ಟು ಕಾವಲು ಕೂರುತ್ತದೆ. ಹೀಗೆ ಎಲೆಗಳನ್ನು ಗುಡ್ಡೆ ಮಾಡಿ ಗೂಡು ಕಟ್ಟುವ ಹಾವು ಲೋಕದಲ್ಲಿ ಇದೊಂದೇ.

ಆದರೆ ಆಗುಂಬೆಯ ಕೆಲಸದಲ್ಲಿ ಜನಕ್ಕೆ ಹೆಚ್ಚು ಸಂಬಂಧಿಸಿದ ಭಾಗ ಬೇರೆಯೇ. ಮಲೆನಾಡಿನಲ್ಲಿ ಕಾಳಿಂಗವನ್ನು ಕೊಲ್ಲುವವರು ಕಡಿಮೆ. ಅದು ಮನೆಗೋ ಕೊಟ್ಟಿಗೆಗೋ ಬಂದರೆ ಹಿಡಿಯುವವರಿಗೆ ಕರೆ ಹೋಗುತ್ತದೆ. ಹಿಡಿದವರು ಅದನ್ನು ಚೀಲಕ್ಕೆ ಹಾಕಿ ಜನವಸತಿಯಿಲ್ಲದ ದಟ್ಟ ಕಾಡಿಗೆ ಒಯ್ಯುತ್ತಾರೆ. ಹಾವಿಗೆ ಉಪಕಾರ ಮಾಡಿದೆವೆಂಬ ತೃಪ್ತಿ ಎಲ್ಲರಿಗೂ. ಈ ತೃಪ್ತಿಗೆ ಆಧಾರವಿದೆಯೇ ಎಂದು ನೋಡಲು ತಂಡವು ತನ್ನ ನೆಲೆಯಲ್ಲೇ ಉಳಿದ ಹಾವನ್ನೂ ಬೇರೆಡೆ ಬಿಟ್ಟ ಹಾವನ್ನೂ ಹೋಲಿಸಿತು. ಬರ್ವೆ, ಭೈಸಾರೆ, ಗಿರಿ, ಗೌರಿಶಂಕರ್, ವಿಟೇಕರ್, ಗೂಡ್ ಸೇರಿ ಬರೆದ ವರದಿ 2013ರಲ್ಲಿ ಹಮದ್ರಯಾದ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಊರಿನ ಹಾವು ತನಗೆ ಗೊತ್ತಿರುವ ವಲಯದಲ್ಲಿ ಸುತ್ತಿ ಸುತ್ತಿ ಬಂದರೆ, ಒಯ್ದು ಬಿಟ್ಟದ್ದು ಎಲ್ಲಿಯೂ ನೆಲೆ ನಿಲ್ಲದೆ ಒಂದೇ ಸಮನೆ ದೂರ ದೂರ ಹೋಗುತ್ತಲೇ ಇತ್ತು. ಬೆರಳೆಣಿಕೆಯ ಹಾವುಗಳ ಅಧ್ಯಯನವಾದ್ದರಿಂದ ಬರೆದವರೇ ಇದನ್ನು ಪ್ರಾಥಮಿಕವೆಂದು ಕರೆದಿದ್ದಾರೆ. ಆದರೂ ಅದು ತೋರಿಸಿದ ದಿಕ್ಕು ಬೇರೆಡೆಯ ಅನುಭವಕ್ಕೆ ಹೊಂದುತ್ತದೆ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ರೈನರ್ಟ್ ಮತ್ತು ರೂಪರ್ಟ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಥಳಾಂತರಿಸಿದ ಗಿಲಕಿ ಹಾವುಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಸತ್ತವು. ಅಲ್ಲಿಯೇ ಹುಟ್ಟಿ ಬೆಳೆದವುಗಳಲ್ಲಿ ಸತ್ತದ್ದು ಹತ್ತಕ್ಕೆ ಒಂದರ ಸುಮಾರು. ಬಿಲ ಎಲ್ಲಿದೆ, ನೀರು ಎಲ್ಲಿದೆ, ವೈರಿ ಎಲ್ಲಿಂದ ಬರುತ್ತಾನೆ ಎಂದು ತಿಳಿಯದ ಹಾವು ಅಲೆಯುತ್ತದೆ. ಅಲೆಯುವ ಹಾವು ರಸ್ತೆ ದಾಟುತ್ತದೆ, ಹೊಸ ಮನೆಗಳಿಗೆ ನುಗ್ಗುತ್ತದೆ. ನಮ್ಮೂರ ಭಯ ಪಕ್ಕದೂರಿಗೆ ದಾಟಿತು, ಅಷ್ಟೇ.

2024ರಲ್ಲಿ ಗೌರಿಶಂಕರ್ ಮತ್ತು ಸಹಸಂಶೋಧಕರು ಒಂದೇ ಎಂದುಕೊಂಡಿದ್ದ ಕಾಳಿಂಗವನ್ನು ನಾಲ್ಕು ಪ್ರಭೇದಗಳಾಗಿ ಬಿಡಿಸಿ, ಪಶ್ಚಿಮ ಘಟ್ಟದ್ದಕ್ಕೆ ಒಫಿಯೋಫೇಗಸ್ ಕಾಳಿಂಗ ಎಂದು ಹೆಸರಿಟ್ಟರು. ಘಟ್ಟದ ಹಾವು ಬೇರೆ, ಪೂರ್ವ ಕರಾವಳಿಯ ಹಾವು ಬೇರೆ ಎಂದಾದ ಮೇಲೆ ಹಾವುಗಳನ್ನು ಮನಬಂದಲ್ಲಿ ಬಿಡಬಾರದೆಂಬುದಕ್ಕೆ ಇನ್ನೊಂದು ಕಾರಣ ಸೇರಿದಂತಾಯಿತು.

ಹುಣಸೂರಿನ ಕೊಳಕುಮಂಡಲ

ಕಾಳಿಂಗ ಕಚ್ಚಿ ಸತ್ತವರ ಸುದ್ದಿ ಅಪರೂಪ. ಕೊಳಕುಮಂಡಲದ ಕಥೆ ಹಾಗಲ್ಲ. ನಾಗರಹಾವು, ಕಟ್ಟುಹಾವು, ಗರಗಸ ಮಂಡಲಗಳ ಜೊತೆ ಸೇರಿ ದೇಶದ ಬಹುಪಾಲು ಹಾವುಕಡಿತದ ಸಾವುಗಳಿಗೆ ಅದು ಕಾರಣ. ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ರತ್ನಾಪುರಿಯ ಬಳಿ ಹಾವು ತಜ್ಞ ಜೆರಿ ಮಾರ್ಟಿನ್ ಅವರ ತೋಟವನ್ನು ನೆಲೆಯಾಗಿಸಿಕೊಂಡ ಲಿಯಾನಾ ಟ್ರಸ್ಟ್, ಹೊಲಗಳ ನಡುವಿನ ಕೊಳಕುಮಂಡಲಗಳ ಜಾಡು ಹಿಡಿಯುವ ಕೆಲಸ ಕೈಗೊಂಡಿತು. ಸಂಶೋಧಕ ಝೇವಿಯರ್ ಗ್ಲೌಡಾಸ್ ಅಲ್ಲಿಯ ಮಾಹಿತಿಯನ್ನು ಆಧರಿಸಿ ಮನುಷ್ಯ ಮತ್ತು ಕೊಳಕುಮಂಡಲದ ಸಾಮೀಪ್ಯ ಕುರಿತ ಪ್ರಬಂಧವನ್ನು 2021ರಲ್ಲಿ ಪ್ರಕಟಿಸಿದರು.

ಹುಣಸೂರು ಹೊಗೆಸೊಪ್ಪು, ರಾಗಿ, ಜೋಳದ ಸೀಮೆ. ಹೊಲಗಳ ನಡುವೆ ಬದು, ಬದುವಿನ ಮೇಲೆ ಲಂಟಾನ, ಕಳ್ಳಿ, ಹುಲ್ಲು. ಕೊಳಕುಮಂಡಲ ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವ ಹಾವಲ್ಲ, ಹೊಂಚಿ ಕೂರುವ ಹಾವು. ಇಲಿ ಓಡಾಡುವ ದಾರಿಯ ಪಕ್ಕ ಸುರುಳಿ ಸುತ್ತಿ ಗಂಟೆಗಟ್ಟಲೆ ಕದಲದೆ ಕೂರುತ್ತದೆ. ಮೈಬಣ್ಣ ಒಣಗಿದ ಎಲೆಯ ನಡುವೆ ಎಷ್ಟು ಕಲೆತುಹೋಗುತ್ತದೆಂದರೆ, ರಿಸೀವರಿನ ಸದ್ದು ಇದೇ ಕಾಲಬುಡ ಎಂದು ಹೇಳುತ್ತಿದ್ದರೂ ಕಣ್ಣಿಗೆ ಹಾವು ಕಾಣುವುದಿಲ್ಲ. ಜಾಡು ಹಿಡಿದ ಕೆಲಸದಿಂದ ಖಚಿತವಾದ ಮುಖ್ಯ ಸಂಗತಿ ಇದೇ: ಕಳೆ ಕೀಳುವವರು, ದನ ಮೇಯಿಸುವವರು ಓಡಾಡುವ ಜಾಗಕ್ಕೆ ತೀರಾ ಹತ್ತಿರದಲ್ಲಿ ಹಾವು ಇರುತ್ತದೆ. ಹೆಚ್ಚಿನ ಸಲ ಇಬ್ಬರಲ್ಲಿ ಒಬ್ಬರಿಗೂ ತೊಂದರೆಯಾಗುವುದಿಲ್ಲ. ಕಚ್ಚುವುದು ಅಪವಾದ. ಆದರೆ ಹೊಲಕ್ಕೆ ಹೋಗುವವರ ಸಂಖ್ಯೆ, ಅವರು ನಡೆಯುವ ಹೆಜ್ಜೆಗಳ ಸಂಖ್ಯೆ ಲೆಕ್ಕಕ್ಕೆ ತೆಗೆದುಕೊಂಡರೆ ಆ ಅಪವಾದವೇ ಸಾವಿರಾರು ಮನೆಗಳ ದುಃಖ.

ಹಾವನ್ನು ಹಿಡಿದು ಸಾಗಿಸುತ್ತ ಹೋದರೆ ಹೊಲ ಸುರಕ್ಷಿತವಾಗುತ್ತದೆಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ಕೊಳಕುಮಂಡಲ ಮೊಟ್ಟೆಯಿಡದೆ ಮರಿ ಹಾಕುವ ಹಾವು. ಒಂದು ಸೂಲಿಗೆ ಇಪ್ಪತ್ತು, ಮೂವತ್ತು ಮರಿಗಳು ಸಾಮಾನ್ಯ. ಬದುವಿನಲ್ಲಿ ಇಲಿಯೂ ಅಡಗುವ ಪೊದೆಯೂ ಇರುವವರೆಗೆ ಖಾಲಿಯಾದ ಜಾಗ ಖಾಲಿ ಉಳಿಯುವುದಿಲ್ಲ.

ಇಂಥ ಕೆಲಸ ಬೇರೆಡೆಯೂ ನಡೆದಿದೆ. ನೆರೆಯ ತಮಿಳುನಾಡಿನ ಮೋಯಾರ್ ಕಣಿವೆಯಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆ ನಮ್ಮದೇ ಹೆಬ್ಬಾವುಗಳಿಗೆ ಟ್ರಾನ್ಸ್‌ಮಿಟರ್ ಇಟ್ಟು ಅಧ್ಯಯನ ನಡೆಸಿದೆ. ಥಾಯ್ಲೆಂಡಿನ ಸಕೇರಾತ್‌ನಲ್ಲಿ ಕೃಷಿಭೂಮಿಯ ಕಾಳಿಂಗಗಳು ನೀರಾವರಿ ಕಾಲುವೆಯ ಪೊದೆದಂಡೆಗಳನ್ನೇ ದಾರಿ ಮಾಡಿಕೊಂಡು ಓಡಾಡುತ್ತವೆಂದು ಇದೇ ವಿಧಾನದಿಂದ ತಿಳಿಯಿತು.

ಹೊರನಾಡಿನಲ್ಲಿ ನೆಲೆಯೂರಿದ ಹಾವುಗಳು

ಬರ್ಮಾ ಹೆಬ್ಬಾವು ನಮ್ಮ ಈಶಾನ್ಯ ರಾಜ್ಯಗಳಿಂದ ಆಗ್ನೇಯ ಏಷ್ಯಾದವರೆಗೆ ಹರಡಿರುವ ಹಾವು. ಸಾಕುವ ಖಯಾಲಿಗಾಗಿ ಅಮೆರಿಕಕ್ಕೆ ಹೋಯಿತು. ಸಾಕಲಾರದವರು ಬಿಟ್ಟದ್ದು, 1992ರ ಆ್ಯಂಡ್ರೂ ಚಂಡಮಾರುತದಲ್ಲಿ ಸಾಕಣೆ ಕೇಂದ್ರದಿಂದ ತಪ್ಪಿಸಿಕೊಂಡದ್ದು ಸೇರಿ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬೇರೂರಿತು. 2012ರಲ್ಲಿ ಡೋರ್ಕಾಸ್ ಮತ್ತು ಸಂಗಡಿಗರು ರಾತ್ರಿ ರಸ್ತೆ ಸಮೀಕ್ಷೆಗಳನ್ನು ಹಿಂದಿನವುಗಳೊಂದಿಗೆ ಹೋಲಿಸಿ ಪ್ರಕಟಿಸಿದ ಅಂಕಿಗಳು ಬೆಚ್ಚಿಬೀಳಿಸಿದವು: ಸಸ್ತನಿಗಳಾದ ರಕೂನ್ ಕಣ್ಣಿಗೆ ಬೀಳುವುದು 99.3 ಶೇಕಡಾ, ಒಪೋಸಮ್ 98.9 ಶೇಕಡಾ, ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕು 87.5 ಶೇಕಡಾ ಕುಸಿದಿತ್ತು. ಆ ವರ್ಷವೇ ಅಮೆರಿಕ ಈ ಹೆಬ್ಬಾವಿನ ಆಮದನ್ನು ನಿಷೇಧಿಸಿತು. ತಡವಾಗಿತ್ತು. ಎದುರಿಗೇ ಇರುವ ಹೆಬ್ಬಾವು ಹುಡುಕುವವರ ಕಣ್ಣಿಗೆ ಬೀಳುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆಯೆಂದು ಅಲ್ಲಿಯ ಭೂವೈಜ್ಞಾನಿಕ ಸಮೀಕ್ಷೆ ಸಂಸ್ಥೆ 2023ರಲ್ಲಿ ಹೇಳಿತು.

ಕಾಣದ ಹಾವನ್ನು ಹಾವಿನಿಂದಲೇ ಹುಡುಕಿಸುವ ಉಪಾಯ ಇಲ್ಲಿಂದ ಹುಟ್ಟಿತು. ಗಂಡು ಹೆಬ್ಬಾವಿಗೆ ಟ್ರಾನ್ಸ್‌ಮಿಟರ್ ಇಟ್ಟು ಬಿಟ್ಟರೆ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಕೂಡುವ ಕಾಲದಲ್ಲಿ ಅದು ನೇರ ದೊಡ್ಡ ಹೆಣ್ಣಿನ ಬಳಿ ಕರೆದೊಯ್ಯುತ್ತದೆ. ನೈಋತ್ಯ ಫ್ಲಾರಿಡಾದ ಕನ್ಸರ್ವೆನ್ಸಿ ಸಂಸ್ಥೆ 2013ರಿಂದ ಹೀಗೆ ಸಾವಿರಕ್ಕೂ ಹೆಚ್ಚು ಹೆಬ್ಬಾವುಗಳನ್ನು ತೆಗೆದಿದೆ. 2021ರ ಡಿಸೆಂಬರಿನಲ್ಲಿ ಡಯೊನೈಸಸ್ ಎಂದು ಹೆಸರಿಟ್ಟ ಬೇಹುಗಾರ ಗಂಡು ತೋರಿಸಿಕೊಟ್ಟ ಹೆಣ್ಣು ಸುಮಾರು 18 ಅಡಿ ಉದ್ದ, 97 ಕಿಲೋಗೂ ಹೆಚ್ಚು ತೂಕದ್ದು. ಒಳಗೆ ಬೆಳೆಯುತ್ತಿದ್ದ 122 ಮೊಟ್ಟೆಗಳು, ಕೊನೆಯ ಊಟದ ಗುರುತಾಗಿ ಜಿಂಕೆಯ ಗೊರಸು ಸಿಕ್ಕವು. ಕೆಲಸ ಮುಗಿದ ಮೇಲೆ ಗಂಡನ್ನು ಕೊಲ್ಲದೆ ಮತ್ತೆ ಬಿಡುತ್ತಾರೆ, ಮುಂದಿನ ವರ್ಷಕ್ಕೂ ಅದೇ ಬೇಹುಗಾರ. ಕೀ ಲಾರ್ಗೊದಲ್ಲಿ ಇನ್ನೊಂದು ದಾರಿ ಅಕಸ್ಮಾತ್ತಾಗಿ ತೆರೆಯಿತು. ಒಪೋಸಮ್‌ಗಳ ಅಧ್ಯಯನಕ್ಕೆಂದು ಅವುಗಳ ಕೊರಳಿಗೆ ಹಾಕಿದ ಪಟ್ಟಿಯ ಸದ್ದು ಹಿಡಿದು ಹೋದವರಿಗೆ 2022ರಲ್ಲಿ ಸಿಕ್ಕದ್ದು ಒಪೋಸಮ್ ಅಲ್ಲ, ಅದನ್ನು ಪಟ್ಟಿ ಸಮೇತ ನುಂಗಿದ ಹೆಬ್ಬಾವು.

ಫ್ಲಾರಿಡಾದ ಜಾಡಿನ ಕೆಲಸದಲ್ಲಿ ನಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವುದು 2014ರ ಅಧ್ಯಯನ. ಪಿಟ್‌ಮನ್ ಮತ್ತು ಸಂಗಡಿಗರು ಆರು ಹೆಬ್ಬಾವುಗಳನ್ನು ಮುಚ್ಚಿದ ಡಬ್ಬದಲ್ಲಿ 21ರಿಂದ 36 ಕಿಲೋಮೀಟರ್ ದೂರ ಒಯ್ದು ಬಿಟ್ಟರು. ಐದು ಹಾವುಗಳು ತಿಂಗಳುಗಟ್ಟಲೆ ಹರಿದು ಹಿಡಿದ ಜಾಗದ 5 ಕಿಲೋಮೀಟರ್ ಒಳಗೆ ಮರಳಿದವು. ಬೇರೆ ಖಂಡದಿಂದ ಬಂದ ಹಾವಿಗೂ ಒಂದು ಮನೆ ಮೂಡಿರುತ್ತದೆ, ಅದರ ದಿಕ್ಕು ಅದಕ್ಕೆ ಗೊತ್ತಿರುತ್ತದೆ.

ಯಂತ್ರಕ್ಕೆ ಎಲ್ಲವನ್ನೂ ಬಿಟ್ಟುಕೊಡಲಾಗದು ಎನ್ನಲು ಇಲ್ಲೊಂದು ನಿದರ್ಶನವಿದೆ. 2017ರ ಜನವರಿಯಲ್ಲಿ ಫ್ಲಾರಿಡಾದ ವನ್ಯಜೀವಿ ಆಯೋಗ ತಮಿಳುನಾಡಿನ ಇರುಳ ಸಮುದಾಯದ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಅವರನ್ನು ಕರೆಸಿಕೊಂಡಿತು. ಮಣ್ಣಿನ ಗುರುತು, ಹಿಕ್ಕೆ, ಪೊರೆ ನೋಡಿ ಅವರು ಮೊದಲ ಎರಡು ವಾರದೊಳಗೇ 13 ಹೆಬ್ಬಾವು ಹಿಡಿದರು. ಅದರಲ್ಲೊಂದು ಪಾಳುಬಿದ್ದ ಕ್ಷಿಪಣಿ ನೆಲೆಯಲ್ಲಿದ್ದ 16 ಅಡಿಯ ಹೆಣ್ಣು. ಇಬ್ಬರಿಗೂ 2023ರಲ್ಲಿ ಪದ್ಮಶ್ರೀ ಬಂತು. ಇರುಳರ ಹಾವು ಹಿಡಿಯುವವರ ಸಹಕಾರ ಸಂಘ 1978ರಿಂದ ಚೆನ್ನೈ ಬಳಿ ಹಾವಿನ ವಿಷ ತೆಗೆದು ಪ್ರತಿವಿಷ ತಯಾರಕರಿಗೆ ಒದಗಿಸುತ್ತ ಬಂದಿದೆ. ನಮ್ಮ ಆಸ್ಪತ್ರೆಗಳ ಸೀಸೆಯಲ್ಲಿರುವುದು ಬಹುಮಟ್ಟಿಗೆ ಅವರ ದುಡಿಮೆ.

ಪೆಸಿಫಿಕ್ ದ್ವೀಪ ಗುವಾಮ್‌ನದು ಇನ್ನೂ ಘೋರ. ಎರಡನೇ ಮಹಾಯುದ್ಧದ ನಂತರ ಸೇನೆಯ ಸರಕಿನೊಂದಿಗೆ ಬಂದ ಕಂದು ಮರಹಾವು ಅಲ್ಲಿಯ ಸ್ವಂತ ಕಾಡುಹಕ್ಕಿಗಳಲ್ಲಿ ಹೆಚ್ಚಿನವನ್ನು ತಿಂದು ಮುಗಿಸಿತು. 80 ಮಿಲಿಗ್ರಾಂ ಪ್ಯಾರಸಿಟಮಾಲ್ ಆ ಹಾವಿಗೆ ಮಾರಕವೆಂದು ತಿಳಿದ ಮೇಲೆ ಸತ್ತ ಇಲಿಮರಿಯೊಳಗೆ ಮಾತ್ರೆ ಇಟ್ಟು ಹೆಲಿಕಾಪ್ಟರಿನಿಂದ ಉದುರಿಸಿದರು. ಕೆಲವು ಇಲಿಗಳಲ್ಲಿ ಟ್ರಾನ್ಸ್‌ಮಿಟರೂ ಇತ್ತು. ಸ್ಪೇನಿನ ಗ್ರಾನ್ ಕನೇರಿಯ ದ್ವೀಪದಲ್ಲಿ ಕ್ಯಾಲಿಫೋರ್ನಿಯಾದ ರಾಜಹಾವು ಅಲ್ಲಿಯ ದೊಡ್ಡ ಹಲ್ಲಿಗಳನ್ನು ಹೀಗೆಯೇ ಅಳಿಸುತ್ತಿದೆ.

ಭಾರತ ಈ ವ್ಯವಹಾರದಲ್ಲಿ ಕೊಟ್ಟ ಕೈಯೇ. ಹೂಕುಂಡದ ಮಣ್ಣಿನಲ್ಲಿ ಎರೆಹುಳುವಿನಂತೆ ಕಾಣುವ ಕುರುಡು ಹುಳುಹಾವು ನಮ್ಮ ಕಡೆಯದು. ಗಿಡದ ಕುಂಡಗಳ ಜೊತೆ ಹಡಗೇರಿ ಅದು ಲೋಕದ ಹಲವು ಬೆಚ್ಚನೆಯ ನಾಡುಗಳನ್ನು ಸೇರಿದೆ. ಈ ಹಾವಿನಲ್ಲಿ ಗಂಡೇ ಇಲ್ಲ, ಒಂದೇ ಹೆಣ್ಣು ಹೊಸ ದ್ವೀಪವನ್ನು ತುಂಬಬಲ್ಲದು. ಗೇಣುದ್ದದ ಆ ಜೀವಿಯೊಳಗೆ ಇಡುವಂಥ ಟ್ರಾನ್ಸ್‌ಮಿಟರ್ ಇಲ್ಲ.

ಆದವಾನಿ ಸೀಮೆಯಲ್ಲಿ

ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯವು. ಅಂದು ಬಳ್ಳಾರಿ ಮೈಸೂರಿಗೆ, ಇವು ಆಂಧ್ರಕ್ಕೆ ಸೇರಿದವು. ಹಾವುಗಳಿಗೆ ಆ ಗಡಿ ಅನ್ವಯಿಸಲಿಲ್ಲ. ಗಡಿಯ ಎರಡೂ ಬದಿಗೆ ಅದೇ ಎರೆ ಹೊಲ, ಅದೇ ಮಸಾರಿ, ಅದೇ ಬಂಡೆಗುಡ್ಡ. ಹತ್ತಿ, ಶೇಂಗಾ, ಮೆಣಸಿನಕಾಯಿ, ಉಳ್ಳಾಗಡ್ಡಿ ಇಲ್ಲಿಯ ಬೆಳೆ. ಜನ ಎಲ್‌ಎಲ್‌ಸಿ ಎಂದೇ ಕರೆಯುವ ತುಂಗಭದ್ರೆಯ ಕೆಳಮಟ್ಟದ ಕಾಲುವೆ ಹರಿಯುವೆಡೆ ಭತ್ತ. ಕೊಳಕುಮಂಡಲವನ್ನು ಇಲ್ಲಿಯ ತೆಲುಗರು ರಕ್ತಪಿಂಜರಿ ಎನ್ನುತ್ತಾರೆ, ಕಟ್ಟುಹಾವನ್ನು ಕಟ್ಲಪಾಮು ಎನ್ನುತ್ತಾರೆ. ಎರಡೂ ಭಾಷೆ ಆಡುವ ಮನೆಗಳಲ್ಲಿ ಎರಡೂ ಹೆಸರು ನಡೆಯುತ್ತವೆ. ಕನ್ನಡದ ಮನೆಗಳಲ್ಲಿ ಶ್ರಾವಣದ ನಾಗರಪಂಚಮಿ, ತೆಲುಗಿನ ಮನೆಗಳಲ್ಲಿ ಕಾರ್ತಿಕದ ನಾಗುಲ ಚವಿತಿ. ಎರಡೂ ಹಬ್ಬದಲ್ಲಿ ಹುತ್ತಕ್ಕೆ ಹಾಲು ಬೀಳುತ್ತದೆ. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ.

ಈ ಸೀಮೆಗೆ ಕಾಳಿಂಗವಿಲ್ಲ, ನೆಲೆಯೂರಿದ ಹೊರಗಿನ ಹಾವೂ ಇಲ್ಲ. ಹೊರಗಿನಿಂದ ಬಂದು ಆಕ್ರಮಿಸಿದ್ದು ಒಂದು ಗಿಡ, ಬಳ್ಳಾರಿ ಜಾಲಿ. ಮೂಲ ಅಮೆರಿಕ ಖಂಡದ್ದು, ಹೆಸರು ಮಾತ್ರ ನಮ್ಮದು. ಕಾಲುವೆಯ ಏರಿ, ಕೆರೆಯಂಗಳ, ಬೀಳುಬಿದ್ದ ಬದುಗಳನ್ನೆಲ್ಲ ಅದು ಹೊದ್ದಿದೆ. ಅದರ ಬುಡದ ಮುಳ್ಳಿನ ಮರೆಯಲ್ಲಿ ಇಲಿ, ಹೆಗ್ಗಣ ಬಿಲ ತೋಡುತ್ತವೆ, ಅವುಗಳ ಬೆನ್ನಿಗೆ ಹಾವು ಬರುತ್ತದೆ. ಹುಣಸೂರಿನ ಬದು ಮತ್ತು ಸಕೇರಾತ್‌ನ ಕಾಲುವೆದಂಡೆಯ ಪಾಠ ಒಟ್ಟಿಗೆ ಅನ್ವಯವಾಗುವ ನೆಲವಿದು. ಕಾಲುವೆಯ ಏರಿಯ ಮೇಲೆ ರಾತ್ರಿ ನೀರು ತಿರುಗಿಸಲು ಬರಿಗಾಲಲ್ಲಿ ಹೋಗುವವರು, ಹತ್ತಿ ಬಿಡಿಸಲು ಬಗ್ಗಿ ಕೈಹಾಕುವ ಹೆಂಗಸರು, ಬಣವೆಯಿಂದ ಮೇವು ಎಳೆಯುವವರು ಹೊಂಚುಗಾರ ಹಾವಿನ ದಾರಿಯಲ್ಲೇ ಇದ್ದಾರೆ. ಕಲ್ಲುಗುಡ್ಡೆಗಳಲ್ಲಿ ಗರಗಸ ಮಂಡಲ. ಬೇಸಿಗೆ, ಮಳೆಗಾಲದ ರಾತ್ರಿಗಳಲ್ಲಿ ನೆಲದ ಮೇಲೆ ಮಲಗಿದವರ ಬಳಿಗೆ ಕಟ್ಟುಹಾವು; ಅದು ಕಚ್ಚಿದ್ದು ನೋವೇ ಆಗದಿರಬಹುದು, ಬೆಳಗಿನ ಜಾವ ರೆಪ್ಪೆ ಇಳಿಬಿದ್ದಾಗಲಷ್ಟೇ ಗೊತ್ತಾಗುತ್ತದೆ.

ಇದು ಬರಿಯ ಊಹೆಯ ಭಯವಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನದಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000. ಹೆಚ್ಚಿನ ಸಾವುಗಳ ಹೊರೆ ಹೊತ್ತ ಎಂಟು ರಾಜ್ಯಗಳಲ್ಲಿ ಆಗಿನ ಅವಿಭಜಿತ ಆಂಧ್ರವೂ ಒಂದು. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಅದರ ಮರುತಿಂಗಳು ಕೇಂದ್ರ ಸರ್ಕಾರ 2030ರೊಳಗೆ ಸಾವುಗಳನ್ನು ಅರ್ಧಕ್ಕಿಳಿಸುವ ರಾಷ್ಟ್ರೀಯ ಕ್ರಿಯಾಯೋಜನೆ ಹೊರಡಿಸಿತು. ಕಡಿತ ಎಲ್ಲಿ, ಯಾವ ಹೊತ್ತಿನಲ್ಲಿ, ಯಾವ ಕೆಲಸದ ನಡುವೆ ಆಗುತ್ತದೆಂಬುದು ಆಸ್ಪತ್ರೆಯ ಪುಸ್ತಕದಲ್ಲಿ ಸಿಗುತ್ತದೆ. ಆ ಹೊತ್ತಿನಲ್ಲಿ ಹಾವು ಅಲ್ಲಿ ಏಕಿತ್ತು ಎಂಬುದು ಜಾಡು ಹಿಡಿದವರಿಗಷ್ಟೇ ಸಿಗುತ್ತದೆ. ಒಣಬಯಲಿನ ಹತ್ತಿ ಸೀಮೆಗೆ ಮಲೆನಾಡಿನ ಅಂಕಿಗಳನ್ನು ಹಾಗೆಯೇ ಎತ್ತಿ ತಂದು ಹಚ್ಚುವುದು ಸರಿಯಲ್ಲ, ಇಲ್ಲಿಗೆ ಇಲ್ಲಿಯ ಅಧ್ಯಯನವೇ ಬೇಕು.

ಕಾನೂನು ಮತ್ತು ಎಚ್ಚರಿಕೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಂರಕ್ಷಿತ ಹಾವನ್ನು ಹಿಡಿದು ಉಪಕರಣ ಇಡಲು ಅನುಮತಿ ಬೇಕು, ತರಂಗಾಂತರ ಬಳಸಲು ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು. ಎರಡೂ ಕೈಸೇರುವಷ್ಟರಲ್ಲಿ ಒಂದು ಮಳೆಗಾಲ ಕಳೆದುಹೋದರೆ ಆಶ್ಚರ್ಯವಿಲ್ಲ. 2022ರ ತಿದ್ದುಪಡಿ ಆಕ್ರಮಣಕಾರಿ ಹೊರಪ್ರಭೇದಗಳ ಆಮದು, ಮಾರಾಟ, ಸಾಕಣೆಯನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಬೆಂಗಳೂರು, ಚೆನ್ನೈ ವಿಮಾನ ನಿಲ್ದಾಣಗಳಲ್ಲಿ ಸೂಟ್‌ಕೇಸಿನೊಳಗೆ ಆಫ್ರಿಕದ ಬಾಲ್ ಪೈಥಾನ್‌ಗಳು ಸಿಕ್ಕಿಬೀಳುತ್ತಲೇ ಇವೆ. ಫ್ಲಾರಿಡಾದ ಕಥೆ ಶುರುವಾದದ್ದೂ ಇಂಥ ಖಯಾಲಿಯಿಂದಲೇ.

ಮನೆಗೆ ಹಾವು ಬಂದಾಗ ಮುಟ್ಟದೆ, ಕೊಲ್ಲದೆ, ಅರಣ್ಯ ಇಲಾಖೆಗೋ ತರಬೇತಾದ ಹಾವು ರಕ್ಷಕರಿಗೋ ಹೇಳಿ, ಹಿಡಿದ ಜಾಗಕ್ಕೆ ಆದಷ್ಟು ಹತ್ತಿರದ ಪೊದೆಯಲ್ಲೇ ಬಿಡುವಂತೆ ಕೇಳಿಕೊಳ್ಳಿ. ಹೊಲಕ್ಕೆ ಹೋಗುವವರು ಕಾಲಿಗೆ ಗಂಬೂಟು, ಕೈಯಲ್ಲಿ ಟಾರ್ಚು ಇಟ್ಟುಕೊಳ್ಳಿ. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸೇರಿಸಿಕೊಳ್ಳಿ. ಕಚ್ಚಿದರೆ ಕಟ್ಟು ಬಿಗಿಯದೆ, ಕೊಯ್ಯದೆ, ಮಂತ್ರದವರ ಮನೆಗೆ ತಿರುಗದೆ ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ. ಪ್ರತಿವಿಷ ಸಿಗುವುದು ಅಲ್ಲಿ, ಅದೂ ಉಚಿತವಾಗಿ.